ಉಣ್ಣುವ ಮೊದಲು ಆಡಬೇಕಾದ ಮಾತು

ಕಾಚಿಗುಡ

ಹೈದರಾಬಾದಿನಲ್ಲಿ ನನ್ನನ್ನು ಮೊಟ್ಟಮೊದಲು ಬೈದವನು ಕನ್ನಡದಲ್ಲೇ ಬೈದ. ರೈಲಿನ ಬಾಗಿಲಿಗೆ ಅಡ್ಡವಾಗಿ ನನ್ನ ಸೂಟ್‌ಕೇಸು, ಅದರ ಹಿಂದೆ ನಾನು, ನನ್ನ ಹಿಂದೆ ಇಳಿಯಲು ಕಾದು ನಿಂತ ಅರ್ಧ ಬೋಗಿ. ನಾನು ಮಾತ್ರ ನಿಧಾನವಾಗಿ ಕನ್ನಡಕ ಹುಡುಕುತ್ತಿದ್ದೆ. 'ಏನ್ರೀ ಬಾಯಾರ, ಇದೇನು ನಿಮ್ಮನಿ ತಲಬಾಗಲೇನು? ಮೊದಲ ಇಳೀರಿ' ಅಂದ ಕೆಳಗೆ ನಿಂತಿದ್ದ ಹಮಾಲಿ. ತೆಲುಗಿಗೂ ಉರ್ದುವಿಗೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದವಳಿಗೆ ಈ ಬೈಗುಳ ಕೇಳಿ ಎಷ್ಟು ಖುಷಿಯಾಯಿತೆಂದರೆ, ಅವನ ಊರು, ಮಕ್ಕಳು, ಮಳೆ ಬೆಳೆ ಎಲ್ಲ ವಿಚಾರಿಸುತ್ತಲೇ ಪ್ಲಾಟ್‌ಫಾರಂ ದಾಟಿದೆ. ಯಾದಗಿರಿ ಕಡೆಯವನು. ಇಲ್ಲಿ ಏಳುತ್ತಿರುವ ಗಾಜಿನ ಕಟ್ಟಡಗಳನ್ನೆಲ್ಲ ಕಟ್ಟುವವರು ತನ್ನ ಕಡೆಯವರೇ, ಒಳಗೆ ಕೂರುವವರು ಮಾತ್ರ ಬೇರೆ ಎಂದು ಹೇಳಿ ಆಟೋ ಹತ್ತಿಸಿದ.

ನಾನು ಮೈಸೂರಿನವಳು. ಕೃಷಿಯ ಕರಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುವುದು ನನ್ನ ಉದ್ಯೋಗ. ಸಾಲಿಂದ ಸಾಲಿಗೆ ಎಷ್ಟು ಅಂತರ, ಎಕರೆಗೆ ಎಷ್ಟು ಬೀಜ ಎಂದು ಇಪ್ಪತ್ತೆರಡು ವರ್ಷದಿಂದ ರೈತರಿಗೆ ಬುದ್ಧಿ ಹೇಳುತ್ತ ಬಂದಿದ್ದೇನೆ. ಅದನ್ನು ಓದಿದ ಒಬ್ಬ ರೈತನನ್ನೂ ಕಂಡವಳಲ್ಲ. ಅಂಥ ನನ್ನನ್ನು ಒಂದು ಸಂಸ್ಥೆಯವರು ಹೈದರಾಬಾದಿಗೆ ಕರೆದಿದ್ದರು. ಮಳೆಯನ್ನೇ ನಂಬಿದ ಹೊಲಗಳಿಗೆಂದು ಹೊಸ ನೀತಿಯೊಂದರ ಕರಡು ತಯಾರಾಗಿತ್ತು. ಅದು ಮೇಲಿನವರ ಕೈ ಸೇರುವ ಮೊದಲು ಹೊಲದಲ್ಲಿ ದುಡಿಯುವ ಹೆಂಗಸರ ಮುಂದೆ ಓದಿ, ಅವರು ಹೂಂ ಅಂದದ್ದನ್ನೂ ಉಹುಂ ಅಂದದ್ದನ್ನೂ ಬರೆದುಕೊಳ್ಳಬೇಕು. ಎರಡು ದಿನದ ಸಭೆ. ತೆಲುಗು, ಮರಾಠಿ, ಕನ್ನಡದ ಸೀಮೆಗಳಿಂದ ಹೆಂಗಸರು ಬರುತ್ತಾರೆ. ಸೇಡಂ ಕಡೆಯ ನಾಲ್ವರಿಗೆ ಕನ್ನಡದಲ್ಲಿ ಹೇಳುವುದು, ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕುವುದು ನನ್ನ ಪಾಲಿನ ಕೆಲಸ.

ಆಟೋದವನು ಅರ್ಧ ದಾರಿಯಲ್ಲಿ, ಏನೂ ಹೇಳದೆ, ಗಾಡಿ ನಿಲ್ಲಿಸಿ ಚಹಾದಂಗಡಿಗೆ ಹೋದ. ಮೈಸೂರಾಗಿದ್ದರೆ ನಾನು ಇಳಿದು ಜಗಳಕ್ಕೆ ನಿಲ್ಲುತ್ತಿದ್ದೆ. ಬಯ್ಯಲು ಹಿಂದಿ ವಾಕ್ಯವೊಂದನ್ನು ಜೋಡಿಸುತ್ತಿರುವಾಗಲೇ ಅವನು ಎರಡು ಕಪ್ಪು ಹಿಡಿದು ಬಂದ, ಒಂದು ನನಗೆ. ರಾತ್ರಿಯೆಲ್ಲ ರೈಲಿನಲ್ಲಿ ಬಂದಿದ್ದೀರಿ, ಚಹಾ ಇಲ್ಲದೆ ಯಾವ ಕೆಲಸ ಆಗುತ್ತದೆ ಎಂದು ನನಗೇ ಬುದ್ಧಿ ಹೇಳಿದ. ನಾನು ಹುಟ್ಟಾ ಕಾಫಿಯವಳು. ಆ ಗಟ್ಟಿ ಸಿಹಿ ಚಹಾ ಕುಡಿದ ಮೇಲೆ ಬೈಗುಳದ ವಾಕ್ಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಊರಿನ ಉಪಚಾರ ಎಂಥದೆಂದು ಆಗಲೇ ನನಗೆ ತಿಳಿಯಬೇಕಿತ್ತು.

ಹಿಮಾಯತ್‌ನಗರ, ಮೊದಲ ದಿನ

ಸಭೆ ನಡೆದದ್ದು ಒಂದು ಹೊಸ ಹೋಟೆಲಿನ ಎರಡನೇ ಮಹಡಿಯಲ್ಲಿ. ಒಳಗೆ ಮಂಜುಗಡ್ಡೆಯಂಥ ಎ.ಸಿ. ಹೆಂಗಸರೆಲ್ಲ ಸೆರಗು ಬಿಗಿಯಾಗಿ ಹೊದ್ದು, ಮೆತ್ತನೆಯ ಕುರ್ಚಿಗಳ ಮೇಲೆ ಕಾಲು ಮಡಚಿ ಕೂತಿದ್ದರು. ನನ್ನ ನಾಲ್ವರಲ್ಲಿ ಹಿರಿಯರು ಶರಣಮ್ಮ. ಐವತ್ತರ ಆಚೀಚೆ, ತೆಳ್ಳಗಿನ ಮೈ, ಮಾತು ಕಡಿಮೆ. ಪಕ್ಕದಲ್ಲಿ ಅವರ ನೆರೆಮನೆಯ ಕಾಶೀಬಾಯಿ. ಅವರಿಗೆ ಎಲ್ಲದಕ್ಕೂ ನಗು. ಉಳಿದಿಬ್ಬರು ಕಿರಿಯರು, ಶರಣಮ್ಮನ ಮುಖ ನೋಡಿಯೇ ನಗಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು.

ಸಭೆ ನಡೆಸುತ್ತಿದ್ದವನು ಮುರಳೀಧರ. ಗೋದಾವರಿ ಸೀಮೆಯ ಯುವಕ. ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ಎತ್ತಿಕೊಂಡು ಓಡಾಡುತ್ತಿದ್ದ. ಅವನ ಜೊತೆ ಓದಿದವರೆಲ್ಲ ಮಾದಾಪುರದ ಕಂಪ್ಯೂಟರ್ ಕಂಪನಿಗಳಲ್ಲಿ ಕೂತಿದ್ದರು. ಇವನೊಬ್ಬನೇ ಜೋಳ ತೊಗರಿ ಎಂದುಕೊಂಡು ಉಳಿದವನು, ಅದಕ್ಕೆ ಮನೆಯವರಿಂದ ದಿನವೂ ಬೈಸಿಕೊಳ್ಳುವವನು. ನನಗೆ ನೋಡಿದ ಕೂಡಲೇ ಇಷ್ಟವಾದ.

ಪರದೆಯ ಮೇಲೆ ಇಂಗ್ಲಿಷ್ ಸಾಲು ಬರುತ್ತಿತ್ತು, ಅವನು ತೆಲುಗಿನಲ್ಲಿ ವಿವರಿಸುತ್ತಿದ್ದ, ನಾನು ತಗ್ಗಿದ ದನಿಯಲ್ಲಿ ನನ್ನ ನಾಲ್ವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. 'ಏಕಬೆಳೆ ಪದ್ಧತಿಯ ಉತ್ತೇಜನ' ಅಂದೆ. 'ಸಮಗ್ರ ಖರೀದಿ ವ್ಯವಸ್ಥೆ' ಅಂದೆ. ಶರಣಮ್ಮ ಸ್ವಲ್ಪ ಹೊತ್ತು ಮರ್ಯಾದೆಯಿಂದ ಕೇಳಿ, ನನ್ನ ಕೈ ಮುಟ್ಟಿದರು.

'ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಕನ್ನಡಕಿಂತ ಅವರ ತೆಲುಗಾ ಜರಾ ಛಲೋ ತಿಳಿಯಾಕತ್ತೈತಿ.'

ಕಾಶೀಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಮುಖ ಕೆಂಪಾಯಿತು. ಆಮೇಲೆ ಕರಪತ್ರದ ಭಾಷೆ ಬಿಟ್ಟು ಅಡುಗೆಮನೆಯ ಭಾಷೆಗೆ ಇಳಿದೆ. ಏಳನೆಯ ಅಂಶ ಬಂದಾಗ ಹೀಗೆ ಹೇಳಿದೆ: ಒಂದು ಹೊಲಕ್ಕೆ ಒಂದೇ ಬೆಳೆ. ಇಡೀ ಹೊಲಕ್ಕೆ ತೊಗರಿ ಒಂದನ್ನೇ ಬಿತ್ತಿದರೆ ಬೀಜ ಸಿಗುತ್ತದೆ, ವಿಮೆ ಸಿಗುತ್ತದೆ, ಸರ್ಕಾರ ಖರೀದಿ ಮಾಡುತ್ತದೆ. ತೊಗರಿಯ ನಡುವೆ ಜೋಳ, ಹೆಸರು, ಎಳ್ಳು ಎಂದು ಬೆರೆಸಿ ಬಿತ್ತಿದರೆ ಇವು ಯಾವುದೂ ಇಲ್ಲ. ಇದು ನಾಲ್ವರಿಗೂ ಚೆನ್ನಾಗಿ ತಿಳಿಯಿತು. ಕಾಶೀಬಾಯಿಯ ನಗು ನಿಂತಿತು. ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಅದನ್ನು ಹಸಿವು ಅಂದುಕೊಂಡೆ, ಗಂಟೆ ಒಂದಾಗಿತ್ತು.

ಊಟದ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಡೆ ಸಭೆಯ ಊಟವೆಂದರೆ ಪೊಟ್ಟಣದ ಚಿತ್ರಾನ್ನ. ಇಲ್ಲಿ ಮದುವೆಮನೆ. ಮುರಳೀಧರ ಬಡಿಸುವವರ ಕೈಯಿಂದ ಸೌಟು ಕಿತ್ತುಕೊಂಡು ತಾನೇ ಬಡಿಸಿದ. ಮುದ್ದಪಪ್ಪು ಅನ್ನುವ ಗಟ್ಟಿ ತೊವ್ವೆ, ತುಪ್ಪ, ಮಸಾಲೆ ತುಂಬಿದ ಗುತ್ತಿಬದನೆ, ಗೋಂಗೂರ. ಗೋಂಗೂರದ ಚಟ್ನಿ ಬಾಯಿಗಿಟ್ಟ ಕಾಶೀಬಾಯಿ, ಇದು ನಮ್ಮ ಪುಂಡಿಪಲ್ಯವೇ ಅಲ್ಲವೇ ಎಂದು ಮತ್ತೆ ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ, ಕಣ್ಣಲ್ಲಿ ನೀರು ಸುರಿಸುತ್ತ ಮೂರು ಲೋಟ ಮಜ್ಜಿಗೆ ಕುಡಿದೆ. ಶರಣಮ್ಮ ತಮ್ಮ ಸೆರಗಿನ ತುದಿಯನ್ನು ನನಗೆ ಕೊಟ್ಟು ಕಣ್ಣು ಒರೆಸಿಕೊಳ್ಳಲು ಹೇಳಿದರು.

ಎಲ್ಲರೂ ಕೈ ತೊಳೆದು ಬಂದು ಕೂತ ಮೇಲೆ ಮುರಳೀಧರ ಒಂದೊಂದೇ ಅಂಶ ಓದಿ, ಯಾರದಾದರೂ ತಕರಾರು ಇದೆಯೇ ಎಂದು ಕೇಳಿದ. ನಾನೂ ನನ್ನ ನಾಲ್ವರನ್ನು ಕೇಳಿದೆ. ಶರಣಮ್ಮ ನೆಲ ನೋಡಿದರು. ಏಳನೆಯದಕ್ಕೂ ನೆಲ ನೋಡಿದರು. ಇಡೀ ಹಾಲಿನಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ನಾನು 'ಎಲ್ಲ ಅಂಶಗಳಿಗೂ ಒಪ್ಪಿಗೆ' ಎಂದು ಬರೆದು ಸಹಿ ಹಾಕಿದೆ. ಮುರಳೀಧರನಿಗೆ ಖುಷಿಯೋ ಖುಷಿ. ಇಷ್ಟು ಸಲೀಸಾಗಿ ಮುಗಿದ ಸಭೆಯನ್ನು ತಾನು ಕಂಡೇ ಇಲ್ಲ ಅಂದ.

ದಿಲ್‌ಸುಖ್‌ನಗರ, ಸಂಜೆ

ನನ್ನ ಕಾಲೇಜಿನ ಗೆಳತಿ ವತ್ಸಲಾ ದಿಲ್‌ಸುಖ್‌ನಗರದಲ್ಲಿದ್ದಳು. ಅವಳ ಅತ್ತೆ ಗೋದೂಬಾಯಿ ಕಲಬುರಗಿಯ ಮಗಳು. ನಾನು ಬಂದಿದ್ದೇನೆಂದು ಫೋನಿನಲ್ಲಿ ತಿಳಿದ ಮುದುಕಿ, ನಿನ್ನ ಜೊತೆ ನಮ್ಮ ಕಡೆಯ ಹೆಂಗಸರಿದ್ದರೆ ಅವರನ್ನು ಬಿಟ್ಟು ಬರಬೇಡ ಎಂದು ತಾಕೀತು ಮಾಡಿದ್ದರು. ನಾಲ್ವರನ್ನೂ ಕರೆದುಕೊಂಡು ಸಿಟಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಪ್ಯೂಟರ್ ಕೋರ್ಸುಗಳ ಬೋರ್ಡು, ಒಂದರ ಮೇಲೊಂದು, ಕಿಟಕಿಗಳೇ ಕಾಣದ ಹಾಗೆ. ಇಷ್ಟೆಲ್ಲ ಅಂಗಡಿಗಳಲ್ಲಿ ಏನು ಮಾರುತ್ತಾರೆಂದು ಕಾಶೀಬಾಯಿ ಕೇಳಿದರು. ವಿದ್ಯೆ ಅಂದೆ. ಕೆಳಗೆ ಗುಂಪಾಗಿ ನಿಂತಿದ್ದ ಹುಡುಗರನ್ನು ಕನಿಕರದಿಂದ ನೋಡಿ, ಪಾಪ ಭಾಳ ಸೊರಗ್ಯಾವ್ರಿ ಅಂದರು.

ಗೋದೂಬಾಯಿ ನಾಲ್ವರನ್ನೂ ಸಾಲಾಗಿ ಚಾಪೆಯ ಮೇಲೆ ಕೂರಿಸಿ, ಯಾರ ಮಗಳು, ಯಾವ ಊರಿಗೆ ಕೊಟ್ಟದ್ದು ಎಂದು ಶುರುಮಾಡಿದರು. ಹೊರಗೆ ತೆಲುಗು, ಹಿಂದಿ ಆಡಿ ಆಡಿ ಬೇಸತ್ತ ನಾಲಗೆ ಅದು. ಸೇಡಂನ ಯಾವುದೋ ಬಾವಿಯ ಹೆಸರು ಕೇಳಿಯೇ ಅವರ ಕಣ್ಣು ತುಂಬಿತು. ಚೂಡಾ ಅವಲಕ್ಕಿ, ಚಹಾ ಬಂತು. ಮಾತಿಗೆ ಮಾತು ಬಂದು, ಇವತ್ತು ಸಭೆಯಲ್ಲಿ ಎಲ್ಲರೂ ಹೊಸ ನೀತಿಗೆ ಒಪ್ಪಿಬಿಟ್ಟರು ಎಂದು ನಾನು ಹೆಮ್ಮೆಯಿಂದ ಹೇಳಿದೆ.

'ಯಾರು ಒಪ್ಯಾರ್ರಿ?' ಅಂದರು ಶರಣಮ್ಮ.

ನಾನು ಬೆಪ್ಪಾದೆ. ತಕರಾರು ಇದೆಯಾ ಎಂದು ಕೇಳಿದಾಗ ನೀವು ಸುಮ್ಮನಿದ್ದಿರಲ್ಲ ಅಂದೆ.

'ಉಂಡು ಕೈ ತೊಳಕೊಂಡ ಮ್ಯಾಲ ಕೇಳಿದ್ರಲ್ರಿ. ಆ ತಮ್ಮ ತನ್ನ ಕೈಯಾರೆ ತುಪ್ಪ ಹಾಕ್ಯಾನ. ಹಾಕಿಸ್ಕೊಂಡು ಉಂಡು, ಎದ್ದು ನಿಂತು, ನಿನ್ನ ಮಾತು ಬ್ಯಾಡೋ ಅಂತ ಹ್ಯಾಂಗ ಅನ್ನೋದ್ರಿ?'

ಗೋದೂಬಾಯಿ ಚಹಾದ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು. ಇಷ್ಟೂ ತಿಳಿಯದವಳು ಈ ಕೆಲಸಕ್ಕೆ ಹೇಗೆ ಬಂದೆ ಎಂಬ ನೋಟ. ಅವರ ಕಡೆ ಹೊಲದ ಬದುವಿನ ಜಗಳ ಬಗೆಹರಿಸಲು ಹೋದ ಹಿರಿಯರು ಮಾತು ಮುಗಿಯುವ ತನಕ ಆ ಮನೆಯ ನೀರು ಕೂಡ ಮುಟ್ಟುವುದಿಲ್ಲವಂತೆ. ಹೆಣ್ಣು ನೋಡಲು ಹೋದವರಿಗೆ ಸಂಬಂಧ ಒಗ್ಗದಿದ್ದರೆ ಊಟಕ್ಕೆ ಏಳುವ ಮೊದಲೇ ಹೇಳಿ ಹೊರಡುತ್ತಾರಂತೆ. ಉಂಡ ಮೇಲೆ ಬೇಡ ಅನ್ನುವವರಿಗೆ ಊರಲ್ಲಿ ಮರ್ಯಾದೆ ಇಲ್ಲ.

ಹಾಗಾದರೆ ಏಳನೆಯ ಅಂಶ ನಿಮಗೆ ಬೇಡವೇ ಎಂದು ಕೇಳಿದೆ. ಶರಣಮ್ಮ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರದು ಮೂರು ಎಕರೆ. ತೊಗರಿ ಬರುವುದು ತಡ, ಹೆಸರು ಬರುವುದು ಬೇಗ. ಜೋಳ ಮನೆಯ ರೊಟ್ಟಿಗೆ, ಸೊಪ್ಪೆ ದನಕ್ಕೆ, ಅಂಚಿನ ಪುಂಡಿ ಪಲ್ಯಕ್ಕೆ. ಮಳೆ ಒಂದಕ್ಕೆ ಮೋಸ ಮಾಡಿದರೂ ಇನ್ನೊಂದು ಕೈಗೆ ಬರುತ್ತದೆ. ಬೀಜ ಆರಿಸಿ ಮಡಕೆಯಲ್ಲಿ ಇಡುವವರು ಮನೆಯ ಹೆಂಗಸರು. ಹೊಲಕ್ಕೆಲ್ಲ ಒಂದೇ ಬೆಳೆ ಅಂದರೆ ಆ ಮಡಕೆಗಳೆಲ್ಲ ಬರಿದು, ಮನೆಯ ಹೆಂಗಸಿಗೆ ಹೊಲದಲ್ಲಿ ಮಾತೇ ಇಲ್ಲ. ಊರಿನ ಮೂವತ್ತು ಮಂದಿ ಹೆಂಗಸರು ತಮ್ಮ ಪರವಾಗಿ ಮಾತಾಡಿ ಬಾ ಎಂದು ಅವರನ್ನು ಕಳಿಸಿದ್ದರು. ವಾಪಸ್ಸು ಹೋಗಿ ಅವರಿಗೆ ಏನು ಹೇಳಲಿ ಅಂದರು.

ನನ್ನ ಸಹಿ ನೆನಪಾಯಿತು. ನಾಚಿಕೆಯಾಯಿತು. ಈ ನಾಲ್ವರ ಮಾತು ದಾಟಿಸಲು ಬಂದ ನಾನು, ಆಡದ ಮಾತನ್ನು ಬರೆದುಕೊಟ್ಟು ಬಂದಿದ್ದೆ.

ಹಿಮಾಯತ್‌ನಗರ, ಎರಡನೆಯ ದಿನ

ಬೆಳಿಗ್ಗೆ ಮುರಳೀಧರನನ್ನು ಹಿಡಿದು ಎಲ್ಲ ಹೇಳಿದೆ. ಅವನ ಮುಖ ಇಳಿಯಿತು. ಒಪ್ಪಿಗೆಯ ವರದಿ ಆಗಲೇ ಟೈಪಾಗಿತ್ತು. ಕರಡು ತಯಾರಿಸಿದ ಇಲಾಖೆಯ ದೊಡ್ಡ ಸಾಹೇಬರು ಒಂದು ಗಂಟೆಗೆ ಬಂದು, ಎಲ್ಲರ ಜೊತೆ ಊಟ ಮಾಡಿ, ಆಮೇಲೆ ಅದನ್ನು ಒಪ್ಪಿಸಿಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಸಾಹೇಬರ ಮುಂದೆ ಹೆಂಗಸರೇ ಬಾಯಿಬಿಟ್ಟು ಹೇಳಿದರೆ ಮಾತ್ರ ಬದಲಿಸಬಹುದು, ಊಟದ ನಂತರ ಕೇಳಿಸೋಣ ಅಂದ. ಊಟದ ನಂತರ ಇವರು ಹೇಳುವುದಿಲ್ಲ ಮಹರಾಯ, ಅದೇ ಗೋಳು ಅಂದೆ. ಊಟಕ್ಕೆ ಮೊದಲೇ ಕೇಳಿಸೋಣ ಎಂದರೆ ಸಾಹೇಬರಿಗೆ ಸಕ್ಕರೆ ಕಾಯಿಲೆ, ಒಂದಕ್ಕೆ ಸರಿಯಾಗಿ ಊಟ ಬೇಕು ಎಂದು ತಲೆ ಕೆರೆದುಕೊಂಡ.

ಇತ್ತ ನನ್ನ ನಾಲ್ವರು ತಮ್ಮ ಉಪಾಯ ತಾವೇ ಮಾಡಿಕೊಂಡಿದ್ದರು. ಹಿಂದಿನ ಸಂಜೆ ಹೊರಡುವಾಗ ಗೋದೂಬಾಯಿ ಮಾಡಿಸಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಬೆಳಿಗ್ಗೆ ರೂಮಿನಲ್ಲೇ ತಿಂದು, ಹೋಟೆಲಿನ ಇಡ್ಲಿ ಬೇಡ ಅಂದರು. ಹತ್ತು ಗಂಟೆಯ ಚಹಾ ಬೇಡ ಅಂದರು. ನೀರಿನ ಬಾಟಲಿಯನ್ನೂ ಮುಟ್ಟಲಿಲ್ಲ. ಬಡಿಸುವವನು ಮ್ಯಾನೇಜರಿಗೆ ಹೇಳಿದ. ಮ್ಯಾನೇಜರು ಓಡಿ ಬಂದು ಅಡುಗೆಯಲ್ಲಿ ಏನು ದೋಷ ಎಂದು ಕೈ ಹಿಸುಕಿದ. ಅವನ ಬಾಯಿಂದ ಹೊರಟ ಸುದ್ದಿ ಕೆಳಗಿನ ಕೌಂಟರು ತಲುಪುವಷ್ಟರಲ್ಲಿ ಕರ್ನಾಟಕದ ಹೆಂಗಸರು ಉಪವಾಸ ಸತ್ಯಾಗ್ರಹಕ್ಕೆ ಕೂತಿದ್ದಾರೆ ಎಂದಾಗಿತ್ತು. ಯಾರೋ ಮೋಸಂಬಿ ರಸ ತಂದರು, ಯಾರೋ ಡಾಕ್ಟರಿಗೆ ಫೋನು ಮಾಡಲು ಹೊರಟರು. ಹೊಟ್ಟೆ ತುಂಬ ರೊಟ್ಟಿ ತಿಂದ ಕಾಶೀಬಾಯಿ ತೇಗನ್ನು ತಡೆದುಕೊಂಡು ಗಂಭೀರವಾಗಿ ಕೂತಿದ್ದರು.

ಮೆದಕ್ ಕಡೆಯ ಮುದುಕಿಯೊಬ್ಬರು ಬಂದು ಶರಣಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ತೆಲುಗಿನಲ್ಲಿ ಏನೆಂದು ವಿಚಾರಿಸಿದರು. ಶರಣಮ್ಮ ತೆಲುಗಿನಲ್ಲೇ ಹೇಳಿದರು. ಮುದುಕಿ ತಲೆಯಾಡಿಸಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅವರ ಗುಂಪಿನವರು ಕೈಯಲ್ಲಿದ್ದ ಚಹಾದ ಕಪ್ಪುಗಳನ್ನು ಒಂದೊಂದಾಗಿ ಕುಡಿಯದೆ ಮೇಜಿನ ಮೇಲೆ ಇಟ್ಟದ್ದನ್ನು ಕಂಡೆ. ಹನ್ನೆರಡರ ಹೊತ್ತಿಗೆ ಮರಾಠಿ ಸೀಮೆಯವರೂ ಇಟ್ಟರು. ಹಿಂದಿನ ದಿನದ ಆ ಮೌನ ನನ್ನ ನಾಲ್ವರದೊಂದೇ ಆಗಿರಲಿಲ್ಲ.

ಊಟದ ಹಾಲ್

ದೊಡ್ಡ ಸಾಹೇಬರು ಒಂದಕ್ಕೆ ಸರಿಯಾಗಿ ಬಂದರು. ದಪ್ಪ ಮೈ, ದಣಿದ ಮುಖ. ತಟ್ಟೆಗಳನ್ನು ಜೋಡಿಸಿಟ್ಟಿದ್ದಾರೆ, ಅನ್ನದಿಂದ ಹಬೆ ಏಳುತ್ತಿದೆ, ಹೆಂಗಸರೆಲ್ಲ ಗೋಡೆಗೆ ಒರಗಿ ನಿಂತಿದ್ದಾರೆ. ಯಾರೂ ತಟ್ಟೆ ಮುಟ್ಟುತ್ತಿಲ್ಲ. 'ಕ್ಯಾ ಹೋನಾ ಅಮ್ಮಾ?' ಎಂದು ಅವರು ಹೈದರಾಬಾದಿನ ಹಿಂದಿಯಲ್ಲಿ, ಏನು ಬೇಕಮ್ಮಾ ಎಂದು ಕೇಳಿದರು. ಮುರಳೀಧರ ನನ್ನ ಕಡೆ ನೋಡಿದ. ನಾನು ಮುಂದೆ ಹೋಗಿ, ನಿನ್ನೆ ನಾನು ಬರೆದದ್ದು ತಪ್ಪು, ಇವರು ಒಪ್ಪಿರಲಿಲ್ಲ, ಇವತ್ತು ಹೇಳುತ್ತಾರೆ, ಹೇಳಿದ ಮೇಲೆ ಉಣ್ಣುತ್ತಾರೆ ಅಂದೆ.

ಸಾಹೇಬರು ಅನ್ನದ ಕಡೆ ಒಮ್ಮೆ, ಗಡಿಯಾರದ ಕಡೆ ಒಮ್ಮೆ ನೋಡಿ, ಜೇಬಿನಿಂದ ಎರಡು ಉಪ್ಪು ಬಿಸ್ಕತ್ತು ತೆಗೆದು ಬಾಯಿಗೆ ಹಾಕಿಕೊಂಡು ಕುರ್ಚಿ ಎಳೆದು ಕೂತರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗ.

ಶರಣಮ್ಮ ಮಾತಾಡಿದರು. ಹಿಂದಿನ ಸಂಜೆ ಹೇಳಿದ್ದನ್ನೇ ಇನ್ನೂ ಚಿಕ್ಕದಾಗಿ ಹೇಳಿದರು. ನಾನು ಒಂದು ಮಾತೂ ಅಲಂಕಾರ ಮಾಡದೆ ದಾಟಿಸಿದೆ. ಕೊನೆಗೆ ಅವರು ಮೇಜಿನ ಮೇಲಿನ ಗೋಂಗೂರದ ಪಾತ್ರೆ ತೋರಿಸಿದರು.

'ಸಾಹೇಬ್ರ, ನಿಮ್ಮ ತಾಟಿನಾಗ ಪುಂಡಿ ಐತಿ, ಕಾಗದದಾಗ ಇಲ್ಲ. ತೊಗರಿ ಒಂದ ಬಿತ್ತಿದ್ರ ಇದೆಲ್ಲಿಂದ ಬರತೈತ್ರಿ? ನಾವು ಬ್ಯಾಡ ಅಂದೀವಿ ಅಂತ ಬರೀರಿ. ಬರ್ದದ್ದು ಓದಿ ಹೇಳ್ರಿ. ಆಮ್ಯಾಲ ಉಣ್ತೀವಿ.'

ಮೆದಕ್‌ನ ಮುದುಕಿ ತೆಲುಗಿನಲ್ಲಿ ಅದನ್ನೇ ಹೇಳಿದರು. ಮರಾಠಿಯಲ್ಲಿ ಇನ್ನೊಬ್ಬರು. ಆಮೇಲೆ ಎಲ್ಲರೂ ಒಟ್ಟಿಗೆ ಶುರುಮಾಡಿದರು. ನಿನ್ನೆ ಒಂದು ಕೈಯನ್ನೂ ಎತ್ತದವರ ಮಾತನ್ನು ಇವತ್ತು ನಿಲ್ಲಿಸುವುದೇ ಕಷ್ಟವಾಯಿತು. ಹಸಿದ ಹೊಟ್ಟೆಯಲ್ಲಿ ಸಾಹೇಬರು ಮುಕ್ಕಾಲು ಗಂಟೆ ಕೇಳಿದರು. ಟೈಪಾದ ವರದಿ ತರಿಸಿ, ಏಳನೆಯ ಅಂಶದ ಪಕ್ಕ ತಮ್ಮ ಪೆನ್ನಿನಲ್ಲೇ ಬರೆದರು: ಬಂದ ಹೆಂಗಸರಲ್ಲಿ ಒಬ್ಬರೂ ಇದಕ್ಕೆ ಒಪ್ಪಿಲ್ಲ, ಬೆರೆಸಿ ಬಿತ್ತಿದ ಹೊಲಕ್ಕೂ ಬೀಜ, ವಿಮೆ, ಖರೀದಿ ಸಿಗಬೇಕು. ನಾನು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ. ನನ್ನ ಹಳೆಯ ಸಹಿಯನ್ನು ಹೊಡೆದುಹಾಕಿ, ಅವರ ಮೌನವನ್ನು ತಪ್ಪು ತಿಳಿದೆ ಎಂದು ಬರೆದು ಹೊಸದಾಗಿ ಸಹಿ ಹಾಕಿದೆ. ಇಷ್ಟು ವರ್ಷದ ಉದ್ಯೋಗದಲ್ಲಿ ನಾನು ಬರೆದ ಒಳ್ಳೆಯ ವಾಕ್ಯ ಅದೊಂದೇ ಇರಬೇಕು.

ಕಾಗದವನ್ನು ಮಡಚುತ್ತಿದ್ದ ಸಾಹೇಬರನ್ನು ಶರಣಮ್ಮ ಕೇಳಿದರು, ಮೇಲೆ ಹೋದ ಮೇಲೆ ಇದನ್ನು ಯಾರೂ ಹೊಡೆದುಹಾಕುವುದಿಲ್ಲವಲ್ಲ ಎಂದು. ನಾನು ಹಿಂದಿಗೆ ದಾಟಿಸಿದೆ. ಸಾಹೇಬರು ಪ್ರಾಮಾಣಿಕರು. ನನ್ನ ಮೇಲೂ ಜನ ಇದ್ದಾರೆ, ನನ್ನ ಕೈಲಾದದ್ದು ಮಾಡುತ್ತೇನೆ, ಅಷ್ಟೇ ಹೇಳಬಲ್ಲೆ ಅಂದರು. ಶರಣಮ್ಮನಿಗೆ ಆ ಉತ್ತರ ಸಾಲಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

ಎಲ್ಲರೂ ಉಣ್ಣಲು ಕೂತರು. ಸಾಹೇಬರು ಅನ್ನವನ್ನು ದೂರ ಸರಿಸಿ, ತಮಗೆ ಇದು ಆಗದು, ಚಪಾತಿ ಇದೆಯೇ ಎಂದು ಬಡಿಸುವವನನ್ನು ಕೇಳಿದರು. ಅವನು ಅಡುಗೆಮನೆಗೆ ಓಡಿದ. ಅಷ್ಟರಲ್ಲಿ ಶರಣಮ್ಮ ಎದ್ದು ತಮ್ಮ ಕೈಚೀಲ ಬಿಚ್ಚಿ, ಉಳಿದಿದ್ದ ಜೋಳದ ರೊಟ್ಟಿಗಳಲ್ಲಿ ಒಂದನ್ನು ತೆಗೆದು, ಚಟ್ನಿಪುಡಿ ಹಾಕಿ ಸಾಹೇಬರ ತಾಟಿಗೆ ಇಟ್ಟರು. ಸಾಹೇಬರು ಮುರಿದು ಬಾಯಿಗಿಟ್ಟರು. ಚೆನ್ನಾಗಿದೆ ಎಂದು ತಲೆ ಆಡಿಸಿದರು. ಪಾಪ, ಎಷ್ಟು ಹಸಿದಿದ್ದರೋ.

ಶರಣಮ್ಮ ಬಂದು ನನ್ನ ಪಕ್ಕ ಕೂತು, ಮೊದಲ ತುತ್ತು ಕಲಸುತ್ತ, ನನಗಷ್ಟೇ ಕೇಳುವ ಹಾಗೆ ಅಂದರು:

'ಇನ್ನ ಅವರು ನಮಗ ಬ್ಯಾಡ ಅನ್ನಾಕ ಬರಂಗಿಲ್ರಿ.'

ನಾನು ತಲೆಯೆತ್ತಿ ನೋಡಿದೆ. ಸಾಹೇಬರ ತಾಟು ಖಾಲಿಯಾಗಿತ್ತು. ಇನ್ನೊಂದು ಇದೆಯಾ ಅಮ್ಮಾ ಎಂದು ಅವರು ನಮ್ಮ ಕಡೆ ಕೈ ಚಾಚಿದರು. ಶರಣಮ್ಮ ಎದ್ದು ಹೋಗಿ ಎರಡು ಹಾಕಿ ಬಂದರು.